ಮಲ್ಲಕ್ಕನ ನಡುವೂ ಎರಡನೇ ನಂಬರಿನ ಯಂತ್ರವೂ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಗೆ ಹೊಸದಾಗಿ ಸೇರಿದವರೆಲ್ಲ ಮಲ್ಲಕ್ಕ ಎನ್ನುವುದು ಹೆತ್ತವರಿಟ್ಟ ಹೆಸರೆಂದೇ ತಿಳಿಯುತ್ತಿದ್ದರು. ಹಾಗೇನಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳನ್ನು ಯಾರೋ ಮಾತಿನಮಲ್ಲಿ ಎಂದು ಕರೆದಿದ್ದರು. ಹದಿನೆಂಟು ವರ್ಷದಲ್ಲಿ ಆ ಹೆಸರು ಬಿಸಿನೀರಿಗೆ ಬಿದ್ದ ಬಟ್ಟೆಯಂತೆ ಕುಗ್ಗಿ ಮಲ್ಲಿಯಾಯಿತು, ತಲೆ ನರೆತ ಮೇಲೆ ಮಲ್ಲಕ್ಕ ಆಯಿತು. ನಾಲ್ಕು ದೊಡ್ಡ ಯಂತ್ರಗಳು ಒಟ್ಟಿಗೆ ತಿರುಗುವಾಗ ಅಲ್ಲಿ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಎರಡನೇ ನಂಬರಿನ ಯಂತ್ರದ ಮುಂದೆ ನಿಂತ ಮಲ್ಲಕ್ಕನ ಮಾತು ಮಾತ್ರ ಅತ್ತ ಒಂದನೆಯದಕ್ಕೂ ಇತ್ತ ನಾಲ್ಕನೆಯದಕ್ಕೂ ಸಲೀಸಾಗಿ ಮುಟ್ಟುತ್ತಿತ್ತು. ಯಾರ ಮನೆಯಲ್ಲಿ ಏನು, ಯಾವ ವಾರ್ಡಿನ ಹೊದಿಕೆಯಲ್ಲಿ ಏನು ಸಿಕ್ಕಿತು, ಹೊಸ ಸಾಬೂನು ಪುಡಿ ಯಾಕೆ ಕೆಲಸಕ್ಕೆ ಬಾರದ್ದು, ಎಲ್ಲವೂ.

ಅವಳ ಸೊಂಟ ಹಿಡಿದದ್ದು ಭಾರ ಎತ್ತುವಾಗ ಆಗಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಗತ್ತಿರುತ್ತಿತ್ತು. ನೆಲಕ್ಕೆ ಬಿದ್ದ ದಿಂಬಿನ ಗವಸೊಂದನ್ನು ತೆಗೆಯಲು ಬಗ್ಗಿದಳು. ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಗಾಡಿಯ ಮೇಲೆ ಮಲಗಿಸಿಕೊಂಡು ಮೇಲಕ್ಕೆ ಒಯ್ಯುವಾಗಲೂ ಅವಳು ದಾರಿಯುದ್ದಕ್ಕೂ, ಗವಸು ಎತ್ತಿದ್ದೆ ಅಂತ ಯಾರಿಗೂ ಹೇಳಬೇಡಿ, ಮೂಟೆ ಎತ್ತಿದ್ದೆ ಅನ್ನಿ, ಎಂದು ಬೇಡಿಕೊಂಡಳಂತೆ.

ಮೂರು ವಾರ ಮನೆಯಲ್ಲಿ ಕಳೆದು ಹಿಂತಿರುಗಿದಾಗ ಮೇಲ್ವಿಚಾರಕರು ಅವಳ ಕೈಗೊಂದು ಕಾಗದ ಕೊಟ್ಟರು. ಎಂಟು ವಾರ ಭಾರ ಎತ್ತಕೂಡದು. ಅಲ್ಲಿಯವರೆಗೆ ಮಡಿಸುವ ಕೋಣೆಯಲ್ಲಿ ಕೆಲಸ. ಆಮೇಲೆ ಸಿಬ್ಬಂದಿಯ ಡಾಕ್ಟರ ಎದುರು ಪರೀಕ್ಷೆ: ಹನ್ನೆರಡು ಕೆಜಿಯ ಒದ್ದೆ ಬಟ್ಟೆಯ ಮೂಟೆಯನ್ನು ಮೊಣಕಾಲೆತ್ತರದ ಹಲಗೆಯಿಂದ ಸೊಂಟದೆತ್ತರದ ಗಾಡಿಗೆ ಹತ್ತು ಸಲ ಎತ್ತಿಡಬೇಕು. ಎತ್ತಿದರೆ ಮತ್ತೆ ಎರಡನೇ ನಂಬರು. ಆಗದಿದ್ದರೆ ಕಾಯಂ ಆಗಿ ಮಡಿಸುವ ಕೋಣೆ.

ಮಡಿಸುವ ಕೋಣೆ ಬೇರೆಯವರಿಗೆ ಸ್ವರ್ಗ. ಕುರ್ಚಿ ಇದೆ, ಫ್ಯಾನಿದೆ, ಹಬೆ ಇಲ್ಲ. ಆದರೆ ಅಲ್ಲಿ ಮಡಿಸುವುದು ಶಸ್ತ್ರಚಿಕಿತ್ಸೆಯ ಬಟ್ಟೆ. ಎಂಜಲು ಹಾರಬಾರದೆಂದು ಮೂಗು ಬಾಯಿಗೆ ಮಾಸ್ಕು, ಸಾಲದ್ದಕ್ಕೆ ಗೋಡೆಯಲ್ಲೊಂದು ಫಲಕ: ಮಾತನಾಡಬಾರದು. ಮಲ್ಲಕ್ಕ ಮೊದಲ ದಿನ ಎಂಟು ಗಂಟೆ ಬಾಯಿ ಮುಚ್ಚಿ ಕೂತು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಶಾಲೆಯ ವ್ಯಾನು ಓಡಿಸುವ ಗಂಡ, ದಿನವಿಡೀ ಮಕ್ಕಳ ಗಲಾಟೆಯಲ್ಲಿ ಬೆಂದು ಬಂದವನು, ಊಟ ಮುಗಿಯುವವರೆಗೆ ತಡೆದುಕೊಂಡ.

"ಎಂಟು ಗಂಟೆ ಕೂಡಿಟ್ಟಿದ್ದನ್ನೆಲ್ಲ ನನ್ನೊಬ್ಬನ ಕಿವಿಗೇ ಸುರೀಬೇಡ್ವೆ," ಎಂದ. "ಪಕ್ಕದ ಮನೆಯೋರಿಗೂ ಸ್ವಲ್ಪ ಉಳಿಸು."

ಅವಳಿಗೆ ನಗು ಬರಲಿಲ್ಲ. ಉಳಿದ ಹನ್ನೊಂದು ವರ್ಷದ ಕೆಲಸವನ್ನು ಹೀಗೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಳೆಯಬೇಕಾದೀತು ಎಂದು ಯೋಚಿಸಿದರೆ ಸೊಂಟಕ್ಕಿಂತ ಎದೆ ಹೆಚ್ಚು ನೋಯುತ್ತಿತ್ತು.

ಅವಳನ್ನು ಪರೀಕ್ಷೆಗೆ ಸಿದ್ಧಮಾಡುವ ಹೊಣೆ ಮೂರನೇ ಮಹಡಿಯ ಫಿಸಿಯೋ ಮೇಡಂ ಅವರದು. ಸಣ್ಣ ವಯಸ್ಸು, ಸಣ್ಣ ಆಳು, ದನಿ ಅದಕ್ಕಿಂತ ಸಣ್ಣದು. ಕಿವಿಯ ಹತ್ತಿರ ಗುಟ್ಟು ಹೇಳಿದ ಹಾಗೆ ಮಾತಾಡುವವರು. ಹೀಗಾಗಿ ಫಿಸಿಯೋ ಎಂಬ ಪದ ಲಾಂಡ್ರಿಯವರ ಬಾಯಲ್ಲಿ ಎರಡೇ ದಿನದಲ್ಲಿ ಪಿಸಿಪಿಸಿ ಮೇಡಂ ಎಂದು ತಿರುಗಿಕೊಂಡಿತು.

ಮೇಡಂ ಮೊದಲ ದಿನ, ನಿಮ್ಮ ಕೋರ್ ಬಲಹೀನವಾಗಿದೆ ಎಂದರು. ಮಲ್ಲಕ್ಕ ತನಗೆ ಕೋರೆಹಲ್ಲು ಗೊತ್ತು, ಕೋರ್ಟು ಗೊತ್ತು, ಇದು ಯಾವುದು ಎಂದು ಕೇಳಿದಳು. ಮೇಡಂ ನಗದೆ ಅವಳ ಹೊಟ್ಟೆಯ ಮೇಲೊಮ್ಮೆ, ಎರಡು ಪಕ್ಕೆಗಳ ಮೇಲೊಮ್ಮೆ, ಬೆನ್ನಿನ ಕೆಳಗೊಮ್ಮೆ ಕೈಯಿಟ್ಟು ತೋರಿಸಿದರು. ಓ, ನಡು ಅನ್ನಿ, ಎಂದಳು ಮಲ್ಲಕ್ಕ. ಅಂದಿನಿಂದ ಅದು ನಡುವೇ ಆಯಿತು. ಮೈಯೊಳಗೇ ಸುತ್ತಲೂ ಕಟ್ಟಿಕೊಂಡ ಪಟ್ಟಿಯದು, ಅದು ನಿದ್ದೆ ಹೋದರೆ ಬೆನ್ನೊಂದೇ ಎಲ್ಲ ಭಾರ ಹೊರಬೇಕು ಎಂದು ಮೇಡಂ ವಿವರಿಸಿದರು. ಬಿಗಿ ಮಾಡುವುದೆಂದರೆ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುವುದಲ್ಲ. ಯಾರೋ ಬೆರಳಿನಿಂದ ತಿವಿಯಲು ಬರುತ್ತಾರೆ ಅನ್ನಿಸಿದಾಗ ಹೊಟ್ಟೆ ತಾನಾಗಿ ಗಟ್ಟಿಯಾಗುತ್ತದಲ್ಲ, ಹಾಗೆ.

ಆಮೇಲೆ ಗೋಡೆ ತೋರಿಸಿದರು. ಮುಂಗೈಗಳನ್ನು ಗೋಡೆಗೆ ಊರಬೇಕು, ಕಾಲನ್ನು ಒಂದು ಹೆಜ್ಜೆ ಹಿಂದಿಡಬೇಕು, ತಲೆಯಿಂದ ಹಿಮ್ಮಡಿಯವರೆಗೆ ಹಲಗೆಯಂತೆ ನೇರ ನಿಲ್ಲಬೇಕು. ಹತ್ತು ಸೆಕೆಂಡು. ಮಲ್ಲಕ್ಕನಿಗೆ ಅವಮಾನವಾಯಿತು.

"ಗೋಡೆಗೆ ಒರಗಿ ನಿಲ್ಲೋದನ್ನ ಕಲಿಯೋಕೆ ಮೂರು ಮಹಡಿ ಹತ್ತಿ ಬರಬೇಕಿತ್ತಾ ಮೇಡಂ?"

ಮೇಡಂ ಗುಟ್ಟಿನ ದನಿಯಲ್ಲೇ ಹೇಳಿದರು. ಗೋಡೆ, ಮೇಜು, ನೆಲ. ವ್ಯಾಯಾಮ ಒಂದೇ, ಜಾಗ ಮಾತ್ರ ಬೇರೆ. ಮೈ ಎಷ್ಟು ಅಡ್ಡವಾದರೆ ಅಷ್ಟು ಭಾರ ನಡುವಿನ ಮೇಲೆ ಬೀಳುತ್ತದೆ. ಗೋಡೆಯಲ್ಲಿ ನಡು ಎಚ್ಚರವಾದವರು ಮೇಜಿನ ಅಂಚಿಗೆ ಬರಬೇಕು, ಮೇಜಿನಲ್ಲಿ ಅಲುಗದವರು ನೆಲಕ್ಕಿಳಿಯಬೇಕು. ನೆಲದಲ್ಲೂ ಮೊದಲು ಮೊಣಕಾಲೂರಿ, ಆಮೇಲೆ ಕಾಲ್ಬೆರಳ ತುದಿಯ ಮೇಲೆ. ಎಷ್ಟು ಹೊತ್ತು ಎನ್ನುವುದಕ್ಕಿಂತ ಹೇಗೆ ಎನ್ನುವುದು ಮುಖ್ಯ. ನೆಟ್ಟಗೆ ಹತ್ತು ಸೆಕೆಂಡು ನಿಂತರೆ ಅದು ಜೋತುಬಿದ್ದ ಒಂದು ನಿಮಿಷಕ್ಕಿಂತ ಮೇಲು.

ಮನೆಯಲ್ಲೂ ಶುರುವಾಯಿತು. ಹೆರಿಗೆಯಾಗಿ ನಾಲ್ಕು ತಿಂಗಳಾಗಿದ್ದ ಮಗಳು ತವರಿನಲ್ಲೇ ಇದ್ದಳು. ಮಗು ಎತ್ತಿದರೆ ಬೆನ್ನು ಸೋಲುತ್ತದೆ ಎನ್ನುತ್ತಿದ್ದವಳನ್ನು ಮಲ್ಲಕ್ಕ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಅವಳಿಗೆ ಗೋಡೆಯೂ ಸದ್ಯಕ್ಕೆ ಬೇಡವೆಂದರು. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಿಸಿ, ಉಸಿರು ಬಿಡುತ್ತಾ ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಮುಂದಕ್ಕೆ ಜಾರಿಸುವುದು, ಮತ್ತೆ ಎಳೆದುಕೊಳ್ಳುವುದು, ಅಷ್ಟೇ. ಗಂಡನೂ ಸುಮ್ಮನಿರಲಾರದೆ ಗೋಡೆಯ ಮುಂದೆ ನಿಂತ. ಅವನ ಮುಂಗೈಗಿಂತ ಮೊದಲು ಹೊಟ್ಟೆ ಗೋಡೆ ಮುಟ್ಟಿತು. ತಾಯಿ ಮಗಳು ನಗುತ್ತಾ ಕುಸಿದು ಕೂತರು. ಎರಡೇ ವಾರಕ್ಕೆ ಮಲ್ಲಕ್ಕನ ಸೊಂಟ ಹಗುರಾದಂತಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯದೆ ಎದ್ದದ್ದನ್ನು ಅವಳು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದಳು.

ಕೆಟ್ಟದ್ದು ಮೂರನೇ ವಾರ. ಲಾಂಡ್ರಿಯಲ್ಲಿ ಗಾಡಿ ತಳ್ಳುವವನೊಬ್ಬನಿದ್ದ. ತೋಳುಗಳು ಇತರರ ತೊಡೆಯಷ್ಟು ದಪ್ಪ, ಸಂಜೆಯಾದರೆ ಜಿಮ್ಮಿಗೆ ಓಡುವವನು, ಎಲ್ಲರೂ ಪೈಲ್ವಾನ ಎನ್ನುತ್ತಿದ್ದರು. ಊಟದ ಬಿಡುವಿನಲ್ಲಿ ಮಲ್ಲಕ್ಕ ಗೋಡೆಗೆ ಮುಂಗೈಯೂರಿ ನಿಂತಿದ್ದಾಗ ಅವನು ಡಬ್ಬಿ ಹಿಡಿದು ಪಕ್ಕ ಬಂದು ನಿಂತ.

"ಗೋಡೆ ಬಿದ್ದುಹೋಗುತ್ತೆ ಅಂತ ಹಿಡ್ಕೊಂಡಿದ್ದೀಯೇನಕ್ಕ?"

ಇಡೀ ಕೋಣೆ ನಕ್ಕಿತು. ಬೇರೆಯವರ ಬಗ್ಗೆ ಹದಿನೆಂಟು ವರ್ಷ ನಗಿಸಿದವಳಿಗೆ ತನ್ನ ಸರದಿ ತಡೆಯಲಾಗಲಿಲ್ಲ. ಎಣಿಸೋ ನೀನು, ಎಂದವಳೇ ಒಗೆದ ಹೊದಿಕೆಯೊಂದನ್ನು ಹಾಸಿ ನೆಲದ ಮೇಲೆ ಬಿದ್ದಳು, ಮೊಣಕಾಲೂ ಊರದೆ ನೇರ ಬೆರಳ ತುದಿಯ ಮೇಲೆ. ಪೈಲ್ವಾನ ಎಣಿಸತೊಡಗಿದ. ಮೂವತ್ತರವರೆಗೆ ನೆಟ್ಟಗಿದ್ದಳು. ನಲವತ್ತೆರಡಕ್ಕೆ ಹೊಟ್ಟೆ ಒದ್ದೆ ಬಟ್ಟೆ ಹಾಕಿದ ಹಗ್ಗದಂತೆ ಜೋತುಬಿತ್ತು. ಐವತ್ತಕ್ಕೆ ಬೆನ್ನಿನೊಳಗೆ ಏನೋ ಕೊಕ್ಕೆ ಹಾಕಿ ಎಳೆದಂತಾಯಿತು.

ಐದು ದಿನ ಮತ್ತೆ ಹಾಸಿಗೆ. ಆರನೇ ದಿನ ಮೂರನೇ ಮಹಡಿಗೆ ಹೋದವಳಿಗೆ ಬೈಗುಳ ಕಾದಿದೆ ಎಂದೇ ಅನ್ನಿಸಿತ್ತು. ಮೇಡಂ ಬೈಯಲಿಲ್ಲ. ಆ ಐವತ್ತು ಸೆಕೆಂಡಿನಲ್ಲಿ ಏನೇನು ಮಾತಾಡಿದಿರಿ ಎಂದು ಕೇಳಿದರು. ಮಲ್ಲಕ್ಕ ಯೋಚಿಸಿದಳು. ಏನೂ ಇಲ್ಲ. ಒಂದು ಮಾತೂ ಆಡಿರಲಿಲ್ಲ. ಗೋಡೆಗೆ ನಿಂತಾಗ? ಆಗಲೂ ಇಲ್ಲ. ಮೇಡಂ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಇಡೀ ಆಸ್ಪತ್ರೆಗೆ ಬಾಯಿಬಡುಕಿ ಎಂದು ಗೊತ್ತಿರುವ ಹೆಂಗಸು ಇಲ್ಲಿ ಮಾತ್ರ ಮೂಕಿಯಾಗುವುದು ಹೇಗೆ? ನಾಳೆ ನಾನು ಕೆಳಗೆ ಬರುತ್ತೇನೆ, ನೀವೆಲ್ಲ ಕೆಲಸ ಮಾಡೋದನ್ನ ನೋಡಬೇಕು, ಎಂದರು.

ಮರುದಿನ ಬೆಳಿಗ್ಗೆ ಮೇಡಂ ಲಾಂಡ್ರಿಯ ಮೂಲೆಯಲ್ಲೊಂದು ಸ್ಟೂಲಿನ ಮೇಲೆ ಕೂತರು. ಮಲ್ಲಕ್ಕನೂ ಮಡಿಸುವ ಕೋಣೆಯಿಂದ ಅರ್ಧ ಗಂಟೆ ಅಪ್ಪಣೆ ಪಡೆದು ಬಂದಿದ್ದಳು. ಒಂದನೇ ಯಂತ್ರ ನಿಂತಿತು. ಅಲ್ಲಿದ್ದ ಹಿರಿಯ ಬಾಗಿಲು ತೆರೆದ. ಬಿಸಿ ಹಬೆ, ಅದರೊಳಗೆ ಬ್ಲೀಚಿನ ಘಾಟು, ಭುಸ್ಸೆಂದು ಹೊರಬಂತು. ಹಿರಿಯ ತುಟಿ ಕಚ್ಚಿ, ಕೆನ್ನೆ ಉಬ್ಬಿಸಿ, ಬಗ್ಗಿ ಬಟ್ಟೆ ಎಳೆದು ಗಾಡಿಗೆ ಹಾಕಿ, ನೆಟ್ಟಗೆ ನಿಂತು ಫೂ ಎಂದು ಉಸಿರು ಬಿಟ್ಟ. ಮೂರನೇ ಯಂತ್ರದವಳೂ ಹಾಗೇ. ನಾಲ್ಕನೆಯದರವಳೂ ಹಾಗೇ. ಪೈಲ್ವಾನನಂತೂ ಹಬೆಯೇ ಇಲ್ಲದ ಕಡೆ, ತಣ್ಣಗಿನ ಮೂಟೆ ಎತ್ತುವಾಗಲೂ ಕಪ್ಪೆಯಂತೆ ಕೆನ್ನೆ ಉಬ್ಬಿಸಿದ.

ನೀವೆಲ್ಲ ಯಾಕೆ ಉಸಿರು ಹಿಡಿಯುತ್ತೀರಿ ಎಂದು ಮೇಡಂ ಕೇಳಿದರು. ಯಾರು ಹಿಡೀತಾರೆ, ನಾನಂತೂ ಹಿಡಿಯಲ್ಲ, ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಹಾಗಾದರೆ ಒಬ್ಬರನ್ನೊಬ್ಬರು ನೋಡಿ, ಎಂದರು ಮೇಡಂ. ಮೂರನೇ ಯಂತ್ರದವಳು ಮತ್ತೆ ಬಾಗಿಲು ತೆರೆದಾಗ ಎಲ್ಲರ ಕಣ್ಣೂ ಅವಳ ಕೆನ್ನೆಯ ಮೇಲೆ. ಆಮೇಲೆ ಎದ್ದ ನಗುವಿಗೆ ಯಂತ್ರದ ಸದ್ದೇ ಕೇಳಿಸಲಿಲ್ಲ. ಹಿರಿಯ ತನ್ನ ಕೆನ್ನೆಯನ್ನು ತಾನೇ ಮುಟ್ಟಿ ನೋಡಿಕೊಂಡ. ಇಪ್ಪತ್ತಾರು ವರ್ಷದಿಂದ ಘಾಟಿಗೆ ಹೆದರಿ ಹಿಡಿದ ಉಸಿರು, ಎಲ್ಲಿ ಬಗ್ಗಿದರೂ ತಾನಾಗಿ ಹಿಡಿದುಕೊಳ್ಳುವಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಮಲ್ಲಕ್ಕನಿಗೆ ಮೈಯೆಲ್ಲ ಜುಮ್ಮೆಂದಿತು. ತರಕಾರಿ ಚೀಲ ಎತ್ತುವಾಗ, ನೀರಿನ ಕೊಡ ಎತ್ತುವಾಗ, ನಿನ್ನೆ ಮೊಮ್ಮಗುವನ್ನು ಎತ್ತುವಾಗ, ಎಲ್ಲ ಕಡೆ ತಾನು ಬಾಯಿ ಬಿಗಿದದ್ದು ಒಂದೊಂದಾಗಿ ನೆನಪಾಯಿತು. ಅದನ್ನೆಲ್ಲ ಗಡಿಬಿಡಿಯಲ್ಲಿ ಹೇಳುತ್ತಿದ್ದವಳನ್ನು ಮೇಡಂ ತಡೆದರು.

"ಇದೇ, ಹೀಗೇ. ಇನ್ನು ಮೇಲೆ ಮಾತಾಡ್ಕೊಂಡೇ ಎತ್ತಿ. ಮಾತು ಬರ್ತಿದ್ರೆ ಉಸಿರೂ ಬರ್ತಿದೆ ಅಂತ ಅರ್ಥ."

"ಮೇಡಂ, ನನ್ನ ಜನ್ಮದಲ್ಲಿ ಮಾತಾಡು ಅಂತ ನನಗೆ ಹೇಳಿದ ಮೊದಲನೇ ಮನುಷ್ಯರು ನೀವು," ಎಂದಳು ಮಲ್ಲಕ್ಕ. ಅವಳ ಕಣ್ಣಲ್ಲಿ ನೀರಿತ್ತು.

ಬಾಗಿಲು ತೆರೆದರೆ ಮುಖ ಪಕ್ಕಕ್ಕೆ ತಿರುಗಿಸಿ ಹಬೆ ಹೋಗುವವರೆಗೆ ಕಾಯಬೇಕು, ಆಮೇಲೆ ನಡು ಬಿಗಿದು, ಉಸಿರು ಬಿಡುತ್ತಾ ಎತ್ತಬೇಕು ಎಂದು ಗೊತ್ತುಮಾಡಿದರು. ದಿನವೂ ಪಾಳಿ ಶುರುವಾಗುವ ಮೊದಲು ಹತ್ತು ನಿಮಿಷ ಎಲ್ಲರೂ ಸೇರಿ ನಡುವಿನ ವ್ಯಾಯಾಮ ಮಾಡುವುದೆಂದೂ ತೀರ್ಮಾನವಾಯಿತು. ಯಾರು ಗೋಡೆ, ಯಾರು ಮೇಜು, ಯಾರು ನೆಲ ಎಂಬ ಜಗಳಕ್ಕೆ ಮೇಡಂ ಒಂದು ಸುಲಭದ ಉಪಾಯ ಹೇಳಿದರು. ಆಯಾ ಜಾಗದಲ್ಲಿ ನಿಂತು, ತನ್ನ ಮನೆಯ ವಿಳಾಸವನ್ನು ತಡವರಿಸದೆ ಗಟ್ಟಿಯಾಗಿ ಹೇಳಬೇಕು. ಹೇಳಲಾಗದವರು ಅದಕ್ಕಿಂತ ಸುಲಭದ ಜಾಗಕ್ಕೆ.

ಪೈಲ್ವಾನ ಮೀಸೆ ತಿರುವಿಕೊಂಡು ನೆಲಕ್ಕಿಳಿದ. ಮೈ ಉಕ್ಕಿನ ಹಲಗೆಯಂತಿತ್ತು. ವಿಳಾಸ ಕೇಳಿದರೆ ಮನೆಯ ನಂಬರು ಬಂತು, ಬೀದಿಯ ಹೆಸರು ಗಂಟಲಲ್ಲೇ ಸಿಕ್ಕಿಕೊಂಡಿತು. ಮುಖ ಕೆಂಪಾಯಿತು. ಬೀದಿ ಮರೆತುಹೋಯ್ತೇನೋ, ಸಂಜೆ ನಾನೇ ಬಿಟ್ಟು ಬರಲಾ, ಎಂದು ಮಲ್ಲಕ್ಕ ಕೇಳಿದಳು. ಅವನನ್ನು ಮೇಜಿಗೆ ಕಳಿಸಲಾಯಿತು. ನೆಲದಲ್ಲಿ ಕೊನೆಗೆ ಉಳಿದವಳು ನಾಲ್ಕನೇ ಯಂತ್ರದ ಸಣಕಲು ಹೆಂಗಸು. ಅವಳು ಒಂದು ಕಾಲು ಮೇಲೆತ್ತಿ ಹಿಡಿದು ತನ್ನ ವಿಳಾಸದ ಜೊತೆಗೆ ತವರಿನದನ್ನೂ ಹೇಳಿ ಮುಗಿಸಿದಳು. ಅವಳಲ್ಲಿ ಇಷ್ಟು ದಿನ ಇಂಥ ಕಸುವಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಮಲ್ಲಕ್ಕ ಮತ್ತೆ ಗೋಡೆಯಿಂದ ಶುರುಮಾಡಿದಳು. ಈ ಸಲ ನಾಚಿಕೆಯಿರಲಿಲ್ಲ. ಮಡಿಸುವ ಕೋಣೆಗೆ ಹೋಗುವ ಮೊದಲು ಅವಳಿಗೆ ಸಿಗುತ್ತಿದ್ದ ಮಾತಿನ ಹೊತ್ತು ಅದೊಂದೇ ಆದ್ದರಿಂದ ಗೋಡೆಗೂ ಬೇಸರವಾಗುವಷ್ಟು ಮಾತಾಡಿದಳು. ಐದನೇ ವಾರ ಮೂವತ್ತು ಸೆಕೆಂಡು ನಿಂತಳು. ಆರನೇ ವಾರ ಮೇಜಿನ ಅಂಚಿಗೆ ಬಂದಳು. ಅದರ ಜೊತೆಗೆ ಮಗುವಿನಂತೆ ಅಂಬೆಗಾಲಿನಲ್ಲಿ ನಿಂತು ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚುವುದನ್ನು ಕಲಿತಳು. ಮನೆಯಲ್ಲಿ ಅದನ್ನು ಮಾಡುವಾಗ ಮೊಮ್ಮಗು ತನ್ನ ಹಾಗೆ ಇನ್ನೊಂದು ಮಗು ಬಂತೆಂದು ಕೇಕೆ ಹಾಕಿತು. ಮಗಳು ಅಷ್ಟರಲ್ಲಿ ಗೋಡೆಗೆ ಬಂದಿದ್ದಳು. ಏಳನೇ ವಾರದ ಕೊನೆಗೆ ಮಲ್ಲಕ್ಕ ನೆಲದ ಮೇಲೆ, ಮೊಣಕಾಲೂರಿ, ಇಪ್ಪತ್ತು ಸೆಕೆಂಡು ಕೂದಲೆಳೆಯಷ್ಟೂ ಜೋತುಬೀಳದೆ ನಿಂತಾಗ ಪೈಲ್ವಾನನೇ ಮೊದಲು ಚಪ್ಪಾಳೆ ತಟ್ಟಿದ. ಬೆರಳ ತುದಿಯ ಮೇಲೆ ನಿಲ್ಲಲು ಅವಳೂ ಕೇಳಲಿಲ್ಲ, ಮೇಡಂ ಕೂಡ ಹೇಳಲಿಲ್ಲ.

ಪರೀಕ್ಷೆಯ ದಿನ ಡಾಕ್ಟರ ಕೋಣೆಯಲ್ಲಿ ಹಲಗೆ, ಗಾಡಿ, ತೂಗಿಟ್ಟ ಮೂಟೆ ಎಲ್ಲ ಸಿದ್ಧವಾಗಿತ್ತು. ಮೇಲ್ವಿಚಾರಕರು ಕಾಗದ ಹಿಡಿದು ಗೋಡೆಯ ಪಕ್ಕ ನಿಂತಿದ್ದರು, ಮೇಡಂ ಬಾಗಿಲ ಹತ್ತಿರ. ಡಾಕ್ಟರು ದಪ್ಪ ಕನ್ನಡಕದ ಗಂಭೀರ ಮನುಷ್ಯ. ಮಲ್ಲಕ್ಕ ಒಳಗೆ ಬಂದವಳೇ ಮಾತು ಶುರುಮಾಡಿದ್ದು ಅವರಿಗೆ ಹಿಡಿಸಲಿಲ್ಲ.

"ಎತ್ತುವಾಗ ಮಾತು ಬೇಡಮ್ಮ. ಸುಮ್ಮನೆ ಮೇಲುಸಿರು ಬರುತ್ತೆ."

ದೊಡ್ಡವರ ಮಾತು. ಅವಳು ಬಾಯಿ ಮುಚ್ಚಿದಳು. ಒಂದು ಎತ್ತಿದಳು, ಎರಡು ಎತ್ತಿದಳು. ಮೂರನೆಯದಕ್ಕೆ ಬಗ್ಗುವಾಗ ತನ್ನ ಕೆನ್ನೆ ಉಬ್ಬಿದ್ದು ಅವಳಿಗೇ ಗೊತ್ತಾಯಿತು. ಬೆನ್ನಿನ ಕೆಳಗೆ ಆ ಹಳೆಯ ಕೊಕ್ಕೆ ಮೆಲ್ಲಗೆ, ಇನ್ನೂ ಎಳೆಯದೆ, ಸುಮ್ಮನೆ ತಾಗಿತು. ಅವಳು ಮೂಟೆಯನ್ನು ಹಲಗೆಯ ಮೇಲೆಯೇ ಬಿಟ್ಟು ನೆಟ್ಟಗೆ ನಿಂತಳು. ಡಾಕ್ಟರು ಗಡಿಯಾರದಿಂದ ತಲೆಯೆತ್ತಿ, ಸಾಕೇ ಎಂದು ಕೇಳಿದರು. ಮೇಲ್ವಿಚಾರಕರ ಪೆನ್ನು ಕಾಗದದ ಹತ್ತಿರ ಬಂತು. ಮಾಸ್ಕು, ಫ್ಯಾನು, ಗೋಡೆಯ ಮೇಲಿನ ಫಲಕ, ಹನ್ನೊಂದು ವರ್ಷ ಅವಳ ಕಣ್ಣ ಮುಂದೆ ಹಾದುಹೋದವು.

"ಡಾಕ್ಟ್ರೇ, ಆ ಎರಡು ಲೆಕ್ಕಕ್ಕೆ ಬೇಡ," ಎಂದಳು. "ಮೊದಲಿಂದ ಹತ್ತೂ ಎತ್ತುತ್ತೀನಿ. ಆದರೆ ಮಾತಾಡ್ಕೊಂಡೇ ಎತ್ತೋದು. ಬಾಯಿ ಮುಚ್ಚಿಸಿದ್ರೆ ನನ್ನ ಉಸಿರೂ ಮುಚ್ಚಿಕೊಳ್ಳುತ್ತೆ. ಬೇಕಾದ್ರೆ ಮೇಡಂನ ಕೇಳಿ."

ಮೇಡಂ ಬಾಗಿಲಿನಿಂದ ಡಾಕ್ಟರ ಪಕ್ಕಕ್ಕೆ ಬಂದು ಅವರ ಕಿವಿಯಲ್ಲಿ ತಮ್ಮ ಎಂದಿನ ದನಿಯಲ್ಲಿ ಎರಡು ನಿಮಿಷ ಏನೋ ಹೇಳಿದರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ಸರಿ, ಮಾತಾಡಿ, ಎಂದರು.

ಮಲ್ಲಕ್ಕ ಕಾಲು ಅಗಲಿಸಿ ನಿಂತಳು, ಮೊಣಕಾಲು ಮಡಿಸಿದಳು, ನಡು ಬಿಗಿದಳು, ಬಾಯಿ ತೆರೆದಳು. ಒಂದು: ಎರಡು ವರ್ಷದ ಹಿಂದೆ ನಾಲ್ಕನೇ ಮಹಡಿಯ ಹೊದಿಕೆಯೊಳಗೆ ತನಗೊಂದು ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತ್ತು. ಎರಡು: ಅದು ಯಂತ್ರದೊಳಗೆ ಹೋಗಿದ್ದರೆ ಯಾರೋ ಪಾಪ ಗಂಜಿ ಕುಡಿದೇ ಬದುಕಬೇಕಿತ್ತು. ಮೂರು: ಅದನ್ನು ತೊಳೆದು ಡಬ್ಬಿಯಲ್ಲಿಟ್ಟುಕೊಂಡು ನಾಲ್ಕನೇ ಮಹಡಿಗೆ ಹೋದಳು. ನಾಲ್ಕನೇ ಸಲ ಎತ್ತುವ ಹೊತ್ತಿಗೆ ಹಾಸಿಗೆ ಹಾಸಿಗೆಗೂ ಹೋಗಿ ಬಾಯಿ ತೆಗೆಸಿ ನೋಡುತ್ತಿದ್ದಳು. ಆರನೇ ಸಲಕ್ಕೆ ಒಬ್ಬ ಅಜ್ಜ ನನ್ನದೇ ಎಂದು ಹಾಕಿಕೊಂಡು ನೋಡಿ, ಬಾಯಿ ಮುಚ್ಚಲಾಗದೆ ನರ್ಸನ್ನು ಕೂಗಿದ್ದರು. ಎಂಟಕ್ಕೆ ಡಾಕ್ಟರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಒಂಬತ್ತಕ್ಕೆ ಮೂಲೆಯ ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದ್ದ ಒಬ್ಬರು ಮಾತ್ರ ಉಳಿದಿದ್ದರು. ಹತ್ತನೇ ಸಲ ಮೂಟೆ ಗಾಡಿಯ ಮೇಲೆ ಕೂರುವಾಗ ಕಥೆಯೊಳಗೆ ಅವಳು ಆ ಮುಸುಕಿನ ಅಂಚು ಹಿಡಿದಿದ್ದಳು.

ಅವಳಲ್ಲಿ ಇನ್ನೊಂದಕ್ಕೆ ಕಸುವಿತ್ತು. ಕೈ ಮತ್ತೆ ಮೂಟೆಯ ಕಡೆ ಹೋಯಿತು. ಡಾಕ್ಟರ ಪಕ್ಕದಲ್ಲಿ ಮೇಡಂ ಬೇಡವೆಂದು ತಲೆಯಾಡಿಸಿದ್ದು ಕಂಡಿತು. ಸಾಕು. ಮಲ್ಲಕ್ಕ ಕೈ ಹಿಂದಕ್ಕೆ ತೆಗೆದುಕೊಂಡು, ಬಾಳಿನಲ್ಲಿ ಮೊದಲ ಸಲ, ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದಳು.

"ಆಮೇಲೆ?" ಎಂದರು ಡಾಕ್ಟರು. "ಆ ಹಲ್ಲು ಯಾರದು?"

"ಮೊದಲು ಸಹಿ ಹಾಕಿ ಡಾಕ್ಟ್ರೇ."

ಡಾಕ್ಟರು ಮೇಲ್ವಿಚಾರಕರ ಕೈಯಿಂದ ಕಾಗದ ತೆಗೆದುಕೊಂಡು ಸಹಿ ಹಾಕಿದರು. ಮಲ್ಲಕ್ಕ ಬಾಯಿ ತೆರೆಯುವ ಮೊದಲೇ ಗೋಡೆಯ ಪಕ್ಕದಿಂದ ಒಂದು ಕೆಮ್ಮು ಕೇಳಿಸಿತು.

"ನನ್ನದೇ," ಎಂದರು ಮೇಲ್ವಿಚಾರಕರು. "ಜ್ವರ ಬಂದು ಅಡ್ಮಿಟ್ ಆಗಿದ್ದೆ."

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೇಲ್ವಿಚಾರಕರು ಕಾಗದವನ್ನು ನಾಲ್ಕಾಗಿ ಮಡಿಸಿ ಮಲ್ಲಕ್ಕನ ಕೈಗಿಟ್ಟರು. ಸೋಮವಾರದವರೆಗೆ ಕಾಯಬೇಕಿಲ್ಲ, ಎರಡನೇ ನಂಬರು ಬೆಳಿಗ್ಗೆಯಿಂದ ಖಾಲಿ ನಿಂತಿದೆ, ಹೋಗು, ಎಂದರು. ಇದನ್ನ ಮಾತ್ರ ಕೆಳಗೆ ಯಾರ ಹತ್ತಿರಾನೂ ಹೇಳಬೇಡ ಎಂದು ಸೇರಿಸಿದರು. ಮಲ್ಲಕ್ಕ ಎದೆ ಮುಟ್ಟಿ ಮಾತು ಕೊಟ್ಟಳು.

ಲಿಫ್ಟು ನೆಲಮಾಳಿಗೆಗೆ ಇಳಿದು ಬಾಗಿಲು ತೆರೆದಾಗ ಎಲ್ಲರೂ ಅಲ್ಲೇ ಗುಂಪಾಗಿ ನಿಂತಿದ್ದರು. ಅವಳು ಕಾಗದ ಎತ್ತಿ ತೋರಿಸಿದಳು. ಪೈಲ್ವಾನ ಏಪ್ರನ್ನು ತಂದುಕೊಟ್ಟು, ಒಳಗೆ ಏನೇನಾಯ್ತು ಮೊದಲಿಂದ ಹೇಳು ಎಂದ. ಮಲ್ಲಕ್ಕ ಏಪ್ರನ್ನಿನ ದಾರವನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನೆಟ್ಟಗೆ ನಿಂತಳು. ಹತ್ತು ಸಲ ಎತ್ತಿದ್ದನ್ನು ಹೇಳಿದಳು, ಎರಡನ್ನು ತಾನೇ ಅಳಿಸಿದ್ದನ್ನು ಹೇಳಿದಳು, ಮೇಡಂ ಡಾಕ್ಟರ ಕಿವಿಯಲ್ಲಿ ಏನೋ ಹೇಳಿ ಒಪ್ಪಿಸಿದ್ದನ್ನು ಹೇಳಿದಳು.

"ಎತ್ತುವಾಗ ಏನು ಮಾತಾಡ್ದೆ ಅಕ್ಕ?"

"ಅದು ಹೇಳೋ ಹಾಗಿಲ್ಲ," ಎಂದು ಮಲ್ಲಕ್ಕ ಮೊದಲ ಗಾಡಿಯ ಬಟ್ಟೆಯನ್ನು ಯಂತ್ರಕ್ಕೆ ತುಂಬಿಸತೊಡಗಿದಳು.

ಮಲ್ಲಕ್ಕನ ಬಾಯಿಂದ ಅಂಥ ಮಾತನ್ನು ಪೈಲ್ವಾನ ಎಂದೂ ಕೇಳಿರಲಿಲ್ಲ. ಅವಳಿಗೆ ಮೈ ಹುಷಾರಿಲ್ಲವೇನೋ ಎಂದು ಹೆದರಿ, ಅವನು ಮೇಡಂ ಅವರನ್ನು ಕೇಳಿಬರಲು ಮೂರನೇ ಮಹಡಿಗೆ ಓಡಿದ.